ಮಂಜೂರಾಗದ ಹದಿನೈದು ದಿನ

ಮಾವನ ಸೈನಿಕ ಜೀವನದ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕಾಪುವಿನ ಸಂಘವೊಂದು ಕೇಳಿದ್ದು, ಅವರ ಗಂಟಲಿನ ವರದಿ ಬಂದ ವಾರವೇ. ಊರಿನಿಂದ ಹೋಗಿ ಹೆಸರು ಮಾಡಿದವರಿಗೆ ಸನ್ಮಾನ ಮಾಡಿ, ಅವರ ಪರಿಚಯವನ್ನು ಪುಸ್ತಕವಾಗಿ ತರುವ ಸಂಘ ಅದು. ಮಾವ ನನ್ನ ಅಮ್ಮನ ಅಣ್ಣ. ಬ್ರಿಗೇಡಿಯರ್ ಆಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮಣಿಪಾಲದ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ನಾನು ಅಲ್ಲಿಯೇ ಸಂಶೋಧನೆ ಮಾಡುತ್ತಿದ್ದುದರಿಂದ, ಅಮ್ಮನ ಒತ್ತಾಯಕ್ಕೆ ಹಾಸ್ಟೆಲ್ ಬಿಟ್ಟು ಅವರ ಮನೆಗೆ ಬಂದೆ. ಬಂದು ಮೂರು ವರ್ಷವಾಗಿತ್ತು.

ನಾವಿಬ್ಬರೂ ಹೆಚ್ಚು ಮಾತಿನವರಲ್ಲ. ಬೆಳಗ್ಗೆ ಪತ್ರಿಕೆಯನ್ನು ಎರಡು ಭಾಗ ಮಾಡಿಕೊಂಡು ಓದುತ್ತಿದ್ದೆವು. ಅಡುಗೆ ನನ್ನದು, ಒಗೆದ ಬಟ್ಟೆ ಮಡಚುವುದು ಅವರದು. ಅವರ ಅಂಗಿ, ನನ್ನ ಚೂಡಿದಾರ, ಅಡುಗೆಮನೆಯ ಕೈಬಟ್ಟೆ, ಎಲ್ಲವೂ ಒಂದೇ ಅಳತೆಗೆ ಬರಬೇಕು. ತೋಳುಗಳನ್ನು ಹಿಂದಕ್ಕೆ ತಿರುಗಿಸಿ, ಅಂಗೈಯಿಂದ ಒತ್ತಿ, ನೋಟುಪುಸ್ತಕದಷ್ಟು ಚೌಕಕ್ಕೆ ಮಡಚಿ ಕಪಾಟಿನಲ್ಲಿ ಸಾಲಾಗಿ ಇಡುತ್ತಿದ್ದರು. ಅಮ್ಮ ಬಂದಾಗಲೆಲ್ಲ ನಗುವುದಿತ್ತು. "ಅಣ್ಣ, ಇದು ಮನೆಯಾ, ಅಂಗಡಿಯಾ?"

ಗಂಟಲು ಒಡೆದದ್ದನ್ನು ಮೊದಲು ಮಳೆಯ ಶೀತ ಅಂದುಕೊಂಡೆವು. ಅದು ಶೀತವಾಗಿರಲಿಲ್ಲ. ವೈದ್ಯರು ಚಿತ್ರ ಬರೆದು ವಿವರಿಸಿದರು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಉಸಿರಾಟಕ್ಕೆ ಕುತ್ತಿಗೆಯಲ್ಲಿ ರಂಧ್ರ ಮಾಡುತ್ತಾರೆ, ಜೀವಕ್ಕೆ ಭಯವಿಲ್ಲ, ಆದರೆ ಈಗಿನ ಸ್ವರ ಇರುವುದಿಲ್ಲ. ಮಾವ ಒಂದೇ ಪ್ರಶ್ನೆ ಕೇಳಿದರು: "ಯಾವ ದಿನ?" ವರ್ಗಾವಣೆಯ ಆದೇಶ ಬಂದಾಗಲೂ ಹೀಗೆಯೇ ಕೇಳುತ್ತಿದ್ದಿರಬೇಕು. ಮಳೆಗಾಲದ ನಡುವಿನ ಆಟಿ ತಿಂಗಳ ಎರಡನೆಯ ವಾರದ ಶುಕ್ರವಾರ ಎಂದು ನಿಶ್ಚಯವಾಯಿತು.

ಸಂಘದ ಬರವಣಿಗೆಯನ್ನು ಅದಕ್ಕಿಂತ ಮೊದಲು ಮುಗಿಸೋಣವೆಂದು ಅವರೇ ಹೇಳಿದರು. ಮಂಚದ ಅಡಿಯಿಂದ ಕಪ್ಪು ಟ್ರಂಕನ್ನು ಎಳೆದು ತಂದೆ. ಒಂದೊಂದು ನೇಮಕಕ್ಕೆ ಒಂದೊಂದು ಕಡತ. ಬೆನ್ನಿನ ಮೇಲೆ ಅವರ ನೇರವಾದ ಅಕ್ಷರ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಒಂದು ಊರಿಗೆ ಒಂದೇ ವಾಕ್ಯ, ಕೊನೆಗೆ "ಮುಂದೆ". ಮರುಭೂಮಿಯ ಗಡಿಯಲ್ಲಿ ಕಳೆದ ಮೂರು ವರ್ಷಗಳೂ ಒಂದು ವಾಕ್ಯವಾದವು.

"ಯಾರಾದರೂ ಓದಬೇಕಲ್ಲ ಮಾಮ, ಸ್ವಲ್ಪ ವಿವರ ಹೇಳಿ."

"ಓದಲಿಕ್ಕೆ ಎಂತ ಉಂಟು ಅದರಲ್ಲಿ? ಮರಳು. ಮುಂದೆ."

ಕರ್ನಲ್ ಆಗಿ ಹಿಮದ ಗಡಿಯಲ್ಲಿ ದಳವೊಂದರ ನೇತೃತ್ವ ವಹಿಸಿದ್ದ ಎರಡು ವರ್ಷ ಬಂದಾಗ ಅವರು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ. ಆ ಕಡತ ಎಲ್ಲಕ್ಕಿಂತ ತೆಳ್ಳಗಿತ್ತು. ಅದರೊಳಗೆ ರಜೆಯ ಅರ್ಜಿಯೊಂದಿತ್ತು. ಒಬ್ಬ ಜವಾನನದು. ಹಿಂದಿಯಲ್ಲಿ ತುಂಬಿದ ನಮೂನೆ, ಹದಿನೈದು ದಿನ; ಕಾರಣ: ನಿಶ್ಚಿತಾರ್ಥ; ಊರು: ಕಾರ್ಕಳ. ಅಡಿಯಲ್ಲಿ ಕೆಂಪು ಶಾಯಿಯಲ್ಲಿ ನಾಮಂಜೂರು ಎಂಬ ಒಂದು ಪದ, ಮತ್ತು ಮಾವನ ಚಿಕ್ಕ ಸಹಿ.

"ಇದು ಕಚೇರಿಯಲ್ಲಿ ಇರಬೇಕಾದ ಕಾಗದ ಅಲ್ವಾ?" ಎಂದು ಕೇಳಿದೆ.

"ಹೌದು. ತರಬಾರದಿತ್ತು. ತಂದೆ."

ಆಮೇಲೆ ಅವರೇ ಹೇಳಿದರು. ಗಂಟಲು ನೋಯುತ್ತಿದ್ದುದರಿಂದ ನಡುನಡುವೆ ಬಿಸಿನೀರು ಕುಡಿಯುತ್ತಾ, ಕಿಟಕಿಯ ಕಡೆ ನೋಡುತ್ತಾ ಹೇಳಿದರು. ಇಡೀ ದಳದಲ್ಲಿ ತುಳು ಬರುತ್ತಿದ್ದವರು ಇಬ್ಬರೇ, ಮಾವ ಮತ್ತು ಅವನು. ಹಿಮ ಬಿದ್ದು ದಾರಿ ಮುಚ್ಚುವ ಮೊದಲು ಊರಿಗೆ ಹೋಗಬೇಕೆಂದು ಅವನು ಒಂದು ಬೆಳಿಗ್ಗೆ ಮಾವನ ಎದುರು ಬಂದು ನಿಂತ. "ಊರುಗು ಪೋವೊಡು, ಸರ್" ಎಂದು ತುಳುವಿನಲ್ಲಿ ಕೇಳಿದ. ಅರ್ಜಿ ಕೊಡು, ನೋಡೋಣ ಎಂದು ಮಾವ ಹಿಂದಿಯಲ್ಲಿ ಉತ್ತರಿಸಿದರು. ಅರ್ಜಿ ಕೊಟ್ಟ, ಮಾವ ಕೆಂಪು ಶಾಯಿಯಲ್ಲಿ ಬರೆದರು. ಒಂಬತ್ತನೆಯ ದಿನ ಪಡಿತರ ತರುತ್ತಿದ್ದ ಲಾರಿ ರಸ್ತೆಯ ಅಂಚು ಕುಸಿದು ಕಣಿವೆಗೆ ಬಿತ್ತು. ಅವನು ಅದರಲ್ಲಿದ್ದ.

ಸತ್ತ ಜವಾನನ ಮನೆಗೆ ದಳದ ನಾಯಕ ಪತ್ರ ಬರೆಯುವುದು ಪದ್ಧತಿ. ಉಳಿದವರ ಪತ್ರಗಳನ್ನು ಕಚೇರಿಯಲ್ಲಿ ಸಿದ್ಧಪಡಿಸುತ್ತಿದ್ದರು, ಇವರು ಸಹಿ ಹಾಕುತ್ತಿದ್ದರು. ಇದೊಂದನ್ನು ಮಾತ್ರ ಮಾವ ಕನ್ನಡದಲ್ಲಿ ಕೈಯಾರೆ ಬರೆದರು. ಬರೆಯುತ್ತಾ ಒಂದು ವಾಕ್ಯ ಸೇರಿಸಿದರು: "ಅವನ ರಜೆ ಮಂಜೂರಾಗಿತ್ತು, ಮುಂದಿನ ವಾರ ಊರಿಗೆ ಹೊರಡುವವನಿದ್ದ."

"ಸುಳ್ಳು ಬರೆದ ಕಾಗದಕ್ಕೆ ನಾನು ಸಹಿ ಹಾಕಿದ್ದು ಅದೊಂದಕ್ಕೇ" ಎಂದರು.

"ರಜೆ ಯಾಕೆ ಕೊಡಲಿಲ್ಲ ಮಾಮ?"

"ಕಾರಣ ಇತ್ತು."

ನಾನು ಮುಂದೆ ಕೇಳಲಿಲ್ಲ. ಕೇಳದಿರುವುದು ನಮ್ಮ ಮನೆಯ ಶಿಸ್ತಾಗಿತ್ತು. ಅದನ್ನು ಸಭ್ಯತೆ ಎಂದು ನಾನು ಬಹಳ ಕಾಲ ತಿಳಿದಿದ್ದೆ.

ಎರಡು ದಿನ ಬಿಟ್ಟು ಕಾರ್ಕಳದಿಂದ ಆ ಜವಾನನ ತಾಯಿಯ ಫೋನು ಬಂತು. ಆಕೆ ಪ್ರತಿ ದೀಪಾವಳಿಗೆ ಮಾವನಿಗೆ ಫೋನು ಮಾಡುತ್ತಿದ್ದರೆಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಈ ಸಲ ಆಟಿಯಲ್ಲಿ ಮಗನ ಮದುವೆ ಇಟ್ಟುಕೊಂಡಿದ್ದೇವೆ, ಬರಲೇಬೇಕು ಎಂದರು.

ನಮ್ಮ ಕಡೆ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುತ್ತಾರೆ. ಬದುಕಿರುವವರ ಮದುವೆಗಳಿಗೆ ಆಟಿ ಆಗುವುದಿಲ್ಲ. ಸತ್ತವರದು ಆ ತಿಂಗಳಲ್ಲೇ. ಆಕೆಯ ಮೊಮ್ಮಗಳಿಗೆ, ಎಂದರೆ ಮಗಳ ಮಗಳಿಗೆ, ಬಂದ ಸಂಬಂಧಗಳೆಲ್ಲ ಕೊನೆಯ ಗಳಿಗೆಯಲ್ಲಿ ತಪ್ಪಿಹೋಗುತ್ತಿದ್ದವಂತೆ. ಜೋಯಿಸರಲ್ಲಿ ಕೇಳಿದಾಗ, ಮನೆಯಲ್ಲಿ ಒಬ್ಬ ಕಾಯುತ್ತಿದ್ದಾನೆ, ಮೊದಲು ಅವನದು ಮುಗಿಸಿ ಎಂದರಂತೆ. ಪೆರ್ಡೂರಿನ ಕಡೆ ಜ್ವರದಲ್ಲಿ ತೀರಿಕೊಂಡಿದ್ದ ಹುಡುಗಿಯೊಬ್ಬಳ ಮನೆಯವರು ಒಪ್ಪಿದ್ದರು.

"ಅವನ ಸೋದರಮಾವ ಹೋಗಿ ಐದು ವರ್ಷ ಆಯ್ತು ಸಾರ್" ಎಂದು ಆಕೆ ಹೇಳುವುದು ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. ಕಿವಿ ಮಂದವಾದವರ ಹಾಗೆ ಗಟ್ಟಿಯಾಗಿ ಮಾತನಾಡುತ್ತಿದ್ದರು. "ಮಾವನ ಜಾಗದಲ್ಲಿ ನೀವು ಕೂತುಕೊಳ್ಳಬೇಕು. ಅಲ್ಲಿ ನೀವೇ ಅಲ್ವಾ ಅವನಿಗೆ ಮಾಮನ ಹಾಗೆ ಇದ್ದದ್ದು? ರಜೆ ಕೊಟ್ಟು ಕಳಿಸಲಿಕ್ಕೆ ಹೊರಟವರು ನೀವು."

ಮಾವ "ಬರುತ್ತೇನೆ" ಎಂದರು. ಮದುವೆ ಬುಧವಾರ, ಶಸ್ತ್ರಚಿಕಿತ್ಸೆ ಶುಕ್ರವಾರ.

ಸುಳ್ಳನ್ನು ಇಟ್ಟುಕೊಂಡು ಆ ಜಾಗದಲ್ಲಿ ಕೂರಲಾರೆ ಎಂದು ಅವರು ನನಗೆ ಹೇಳಿದರು. ಹೇಳಬೇಡಿ ಎಂದು ನಾನು ವಾದಿಸಿದೆ. ಆಕೆ ಇಷ್ಟು ವರ್ಷ ಆ ಒಂದು ವಾಕ್ಯವನ್ನು ಹಿಡಿದುಕೊಂಡು ಬದುಕಿದ್ದಾರೆ, ಅದನ್ನು ಕಿತ್ತುಕೊಂಡರೆ ನಿಮಗೆ ಹಗುರವಾಗಬಹುದು, ಅವರಿಗೆ ಏನು ಉಳಿಯುತ್ತದೆ ಎಂದೆ. ಹೇಳಲೇಬೇಕೆಂದಿದ್ದರೆ ಆಮೇಲೆ ಪತ್ರ ಬರೆಯಿರಿ ಎಂದೂ ಸೇರಿಸಿದೆ.

"ಪತ್ರ ಒಮ್ಮೆ ಬರೆದದ್ದಾಯ್ತಲ್ಲ" ಎಂದರು. ಬಿಸಿನೀರಿನ ಲೋಟ ಕೆಳಗಿಟ್ಟು, "ಬಾಯಿಂದ ಹೇಳಲಿಕ್ಕೆ ಶುಕ್ರವಾರದವರೆಗೆ ಮಾತ್ರ ಉಂಟು ಮಗಾ" ಎಂದರು.

ಬುಧವಾರ ಬೆಳಿಗ್ಗೆ ಹಿರಿಯಡ್ಕದ ದಾರಿಯಾಗಿ ಹೊರಟೆವು. ಕಾರು ನಾನು ಓಡಿಸುತ್ತಿದ್ದೆ. ಮಾವ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟಿದ್ದರು. ಬೈಲೂರು ದಾಟಿದ ಮೇಲೆ ಅವರ ತುಟಿ ಅಲುಗುತ್ತಿರುವುದು ಕಂಡಿತು. ತುಳುವಿನಲ್ಲಿ ವಾಕ್ಯ ಜೋಡಿಸಿಕೊಳ್ಳುತ್ತಿದ್ದರು. ನಲವತ್ತು ವರ್ಷ ಹಿಂದಿ, ಇಂಗ್ಲಿಷುಗಳಲ್ಲಿ ಆದೇಶ ಕೊಟ್ಟವರಿಗೆ ಆ ನಾಲ್ಕು ವಾಕ್ಯ ಕಷ್ಟವಾಗುತ್ತಿತ್ತು.

ಹಾಸುಬಂಡೆಯ ಪಕ್ಕದ ಚಿಕ್ಕ ಹೆಂಚಿನ ಮನೆ ಅದು. ಅಂಗಳಕ್ಕೆ ತಗಡಿನ ಚಪ್ಪರ ಹಾಕಿದ್ದರು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಹೆಂಗಸು ಆಕೆ. ಬಾಗಿಲ ಬಳಿ ಎಲೆ ಕತ್ತರಿಸುವ ಹಳೆಯ ಕತ್ತರಿ ಈಗಲೂ ಮೊಳೆಗೆ ನೇತಾಡುತ್ತಿತ್ತು. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಪಂಚೆ, ಅಂಗಿ, ಶಾಲು. ಇನ್ನೊಂದರ ಮೇಲೆ ಹಸಿರು ಸೀರೆ, ಕರಿಮಣಿ, ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ. ಬಂದವರು ಮೂವತ್ತು ಜನ ಇರಬಹುದು. ಮದುವೆಮನೆಯ ತಮಾಷೆಗೆ ಅಲ್ಲಿಯೂ ಕೊರತೆ ಇರಲಿಲ್ಲ.

"ಹುಡುಗನದು ಸರ್ಕಾರಿ ಕೆಲಸ, ನಿಮ್ಮವರು ಪುಣ್ಯ ಮಾಡಿದ್ದಾರೆ" ಎಂದು ಈ ಕಡೆಯ ಒಬ್ಬರು ಛೇಡಿಸಿದರು.

"ನಮ್ಮ ಹುಡುಗಿ ಒಂದು ದಿನ ಅಡುಗೆ ಮಾಡಿದವಳಲ್ಲ ಮಾರಾಯ್ರೆ, ಆಮೇಲೆ ದೂರು ತರಬೇಡಿ" ಎಂದು ಪೆರ್ಡೂರಿನಿಂದ ಬಂದ ಮುದುಕಿ ಹೇಳಿದರು. ಎಲ್ಲರೂ ನಕ್ಕರು. ನಗುತ್ತಲೇ ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನೋಡಿದೆ. ಹುಡುಗಿಯ ತಾಯಿ ಇರಬೇಕು.

ನಮ್ಮನ್ನು ಕರೆದ ತಾಯಿ ಮಾವನ ಕೈ ಹಿಡಿದುಕೊಂಡು ಎಲ್ಲರಿಗೂ ತೋರಿಸಿದರು. "ಇವರೇ ನಮ್ಮ ಸಾರ್. ಪತ್ರ ಬರೆದವರು." ಪತ್ರ ದೇವರ ಪಟದ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಅದನ್ನು ತೆಗೆದು ಪೆರ್ಡೂರಿನವರ ಕೈಗೆ ಕೊಟ್ಟರು. ಮಡಿಕೆಗಳಲ್ಲಿ ಸವೆದು ಕಾಗದ ನಾಲ್ಕು ತುಂಡಾಗುವಂತಿತ್ತು.

ಮಾವ ಆ ತಾಯಿಯನ್ನು ಜಗಲಿಯ ತುದಿಗೆ ಕರೆದರು. ನಾನು ಹಿಂದೆ ನಿಂತೆ. ಅವರು ತುಳುವಿನಲ್ಲಿ ಹೇಳಿದರು. ಆಗಲೇ ಅವರ ಸ್ವರ ಉಸಿರಿನಷ್ಟಾಗಿತ್ತು. ತಗಡಿನ ಮೇಲೆ ಮಳೆ ಬೀಳುತ್ತಿತ್ತು.

"ಎಂತ ಸಾರ್? ಕೇಳುವುದಿಲ್ಲ" ಎಂದು ಆಕೆ ಕಿವಿ ಹತ್ತಿರ ತಂದರು.

ಮಾವ ಇನ್ನೊಮ್ಮೆ ಹೇಳಿದರು. ಆಕೆ ತಲೆ ಅಲ್ಲಾಡಿಸಿದರು. "ಗಟ್ಟಿ ಹೇಳಿ. ಮಳೆ ಅಲ್ವಾ."

ಆಗ ಮಾವ ಬೆನ್ನು ನೆಟ್ಟಗೆ ಮಾಡಿದರು. ಮೈದಾನದ ಆ ತುದಿಯಲ್ಲಿ ನಿಂತವನಿಗೂ ಕೇಳಿಸಲೆಂದು ಹಿಂದೆಲ್ಲ ಹೇಗೆ ಎದೆಯಿಂದ ಸ್ವರ ತೆಗೆಯುತ್ತಿದ್ದರೋ ಹಾಗೆ ತೆಗೆದರು. ಸ್ವರ ಒಡೆದು, ಹರಿದು, ಆದರೂ ಪೂರ್ತಿ ಬಂತು.

"ನಾನು ಅವನಿಗೆ ರಜೆ ಕೊಟ್ಟಿರಲಿಲ್ಲ. ಪತ್ರದಲ್ಲಿ ಬರೆದದ್ದು ಸುಳ್ಳು."

ಚಾವಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಪತ್ರ ಹಿಡಿದಿದ್ದವರು ಅದನ್ನು ಹಾಗೆಯೇ ಹಿಡಿದುಕೊಂಡಿದ್ದರು. ಆಕೆಯೊಬ್ಬರಿಗೆ ಹೇಳಬೇಕೆಂದು ಬಂದ ಮಾವ ಇಡೀ ಮನೆಗೆ ಹೇಳಿಬಿಟ್ಟಿದ್ದರು. ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಆಕೆ ಚಾವಡಿಯ ಕಡೆ ತಿರುಗಿದರು. ಮತ್ತೆ ಮೆಲ್ಲನೆ, ತಮಗೆ ತಾವೇ ಹೇಳಿಕೊಳ್ಳುವಂತೆ, "ಹಾಗಾದರೆ ಅವನು ಹೊರಟಿರಲಿಲ್ಲ" ಎಂದರು. ನಂತರ ಕೇಳಿದರು: "ಅವನ ಟ್ರಂಕು ಬಂದಿತ್ತಲ್ಲ ಮನೆಗೆ? ಬಟ್ಟೆ ಎಲ್ಲ ಚಂದ ಮಡಚಿ ಇತ್ತು. ಊರಿಗೆ ಬರಲಿಕ್ಕೆ ಅವನೇ ಕಟ್ಟಿ ಇಟ್ಟದ್ದು ಅಂತ ನಾನು ಒಂದನ್ನೂ ಬಿಡಿಸಲಿಲ್ಲ. ಇವತ್ತು ಆ ಮಣೆಯ ಮೇಲೆ ಇಟ್ಟದ್ದೂ ಅದೇ ಅಂಗಿ. ಯಾರು ಮಡಚಿದ್ದು ಅದು?"

ನಾನು ಮಣೆಯ ಕಡೆ ನೋಡಿದೆ. ತೋಳು ಹಿಂದಕ್ಕೆ ತಿರುಗಿಸಿ, ನೋಟುಪುಸ್ತಕದಷ್ಟು ಚೌಕ. ಬಂದಾಗಲೇ ನನ್ನ ಕಣ್ಣಿಗೆ ಬೀಳಬೇಕಿತ್ತು.

"ನಾನು" ಎಂದರು ಮಾವ.

"ಇದನ್ನು ಹೇಳಲಿಕ್ಕೆ ನಿಮಗೆ ಇವತ್ತೇ ಆಗಬೇಕಿತ್ತಾ?" ಎಂದರು ಆಕೆ. ಸಿಟ್ಟಿನಿಂದಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದವರ ಅವಸರ ಆ ದನಿಯಲ್ಲಿತ್ತು. ಅಷ್ಟರಲ್ಲಿ ಒಳಗಿನಿಂದ ಯಾರೋ, "ಹೊತ್ತು ಮೀರ್ತದೆ ದೊಡ್ಡಮ್ಮ" ಎಂದು ಕರೆದರು. ಆಕೆ ಹೋದರು.

ಸೋದರಮಾವನ ಜಾಗದಲ್ಲಿ ದೂರದ ಸಂಬಂಧಿಯೊಬ್ಬರನ್ನು ಕೂರಿಸಿದರು. ಸೀರೆಯ ಮೇಲೆ ಕರಿಮಣಿ ಇಟ್ಟರು, ಅಕ್ಷತೆ ಹಾಕಿದರು. ನಾವು ಜಗಲಿಯಲ್ಲೇ ನಿಂತು ನೋಡಿದೆವು. ನಮಗೂ ಅಕ್ಷತೆ ಕೊಟ್ಟಿದ್ದರು. ಮಾವ ಅದನ್ನು ಹಾಕಲಿಲ್ಲ, ಬಿಸಾಡಲೂ ಇಲ್ಲ. ಊಟದ ಸಾಲಿನಲ್ಲಿ ನಮ್ಮ ಆಚೀಚೆ ಎರಡು ಎಲೆ ಖಾಲಿ ಉಳಿದವು. ಬಡಿಸುವವರು ಮಾತ್ರ ಏನೂ ತಪ್ಪಿಸಲಿಲ್ಲ. ಮಾವನಿಗೆ ನುಂಗಲು ಕಷ್ಟವಾಗುತ್ತಿತ್ತು. ಆದರೂ ಅನ್ನದಿಂದ ಪಾಯಸದವರೆಗೆ ಎಲ್ಲವನ್ನೂ ತಿಂದು ಮುಗಿಸಿದರು.

ಹೊರಡುವಾಗ ಆಕೆ ಕಾರಿನ ತನಕ ಬಂದರು. ಕೈಯಲ್ಲಿ ಆ ಪ್ಲಾಸ್ಟಿಕ್ ಚೀಲವಿತ್ತು. ಮಾವನಿಗೆ ಕೊಡಲಿಲ್ಲ, ನನ್ನ ಕಡೆಗೆ ನೀಡಿದರು. "ಇದು ನಿಮ್ಮಲ್ಲೇ ಇರಲಿ" ಎಂದರು.

ಶುಕ್ರವಾರ ಶಸ್ತ್ರಚಿಕಿತ್ಸೆ ಆಯಿತು. ಅದು ಚೆನ್ನಾಗಿಯೇ ಆಯಿತು. ಅಮ್ಮ ಕಾಪುವಿನಿಂದ ಬಂದು ಹದಿನೈದು ದಿನ ನಮ್ಮ ಜೊತೆ ಇದ್ದರು. ಮಾವನಿಗೆ ಬರೆದು ತೋರಿಸಲು ಒಂದು ಬಿಳಿ ಹಲಗೆ ತಂದೆ. ಅದರಲ್ಲಿಯೂ ಅವರು ಮಿತವ್ಯಯಿ: ನೀರು. ಫ್ಯಾನು. ಸಾಕು. ಕಾರ್ಕಳದ ಮಾತನ್ನು ನಾವು ಎತ್ತಲಿಲ್ಲ. ಅವರು ಚೇತರಿಸಿಕೊಂಡ ಮೇಲೆ ಮೊದಲು ಮಾಡಿದ ಕೆಲಸ, ಸಂಘಕ್ಕೆ ನಾನು ಬರೆದಿಟ್ಟಿದ್ದ ಪುಟಗಳನ್ನು ತಿದ್ದಿದ್ದು. ದಳದ ನೇತೃತ್ವದ ಎರಡು ವರ್ಷಗಳ ಎದುರು ಒಂದು ವಾಕ್ಯ ಸೇರಿಸಿದರು: "ಈ ಅವಧಿಯಲ್ಲಿ ಕಾರ್ಕಳದ ಒಬ್ಬ ಜವಾನನಿಗೆ ಸಲ್ಲಬೇಕಾದ ರಜೆಯನ್ನು ನಿರಾಕರಿಸಿದರು, ಆತ ಊರಿಗೆ ಮರಳಲಿಲ್ಲ."

ಸಂಘದ ಕಾರ್ಯದರ್ಶಿ ಫೋನು ಮಾಡಿದರು. "ಮೇಡಂ, ಆ ಒಂದು ಸಾಲು ತೆಗೆಯುವನಾ? ಸನ್ಮಾನದ ಪುಸ್ತಕ ಅಲ್ವಾ, ಓದುವವರಿಗೆ ಒಂಥರಾ ಆಗ್ತದೆ."

ಮಾವನಿಗೆ ತಿಳಿಸಿದೆ. ಅವರು ಹಲಗೆಯ ಮೇಲೆ ಬರೆದರು: ತೆಗೆಯುವುದಾದರೆ ಎಲ್ಲ ತೆಗೆಯಲಿ. ಪುಸ್ತಕ ಅವರಿಲ್ಲದೆಯೇ ಬಂತು. ಸನ್ಮಾನದ ದಿನ ನಾವು ಮನೆಯಲ್ಲಿದ್ದೆವು.

ಆ ವರ್ಷದ ದೀಪಾವಳಿಗೆ ಕಾರ್ಕಳದಿಂದ ಫೋನು ಬರಲಿಲ್ಲ. ಮಾವ ಮೂರು ದಿನವೂ ಫೋನನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡಿದ್ದರು. ಹಬ್ಬ ಕಳೆದು ಒಂದು ವಾರದ ಮೇಲೆ, ಮಧ್ಯಾಹ್ನ ಅವರು ಬಟ್ಟೆ ಮಡಚುತ್ತಿದ್ದಾಗ ಬಂತು. ನಾನು ಎತ್ತಿದೆ.

"ಸಾರ್ ಇದ್ದಾರಾ?"

ಇದ್ದಾರೆ, ಆದರೆ ಮಾತನಾಡಲು ಆಗುವುದಿಲ್ಲ ಎಂದು ನಡೆದದ್ದನ್ನು ಹೇಳಿದೆ. ಆಕೆಗೆ ಗೊತ್ತಿರಲಿಲ್ಲ.

"ಅದಕ್ಕಾ ಅವತ್ತು ಬಂದು ಹೇಳಿದ್ದು?"

"ಹೌದು."

"ನನಗೆ ಒಂದು ಕೇಳಲಿಕ್ಕುಂಟು. ನೀನು ಅವರತ್ರ ಕೇಳಿ ಹೇಳ್ತಿಯಾ? ಯಾಕೆ ಕೊಡಲಿಲ್ಲ?"

ನಾನು ಕೇಳದೆ ಬಿಟ್ಟ ಪ್ರಶ್ನೆ ಅದು. ಫೋನಿನ ಸ್ವರ ಗಟ್ಟಿ ಮಾಡಿ ಮೇಜಿನ ಮೇಲಿಟ್ಟೆ. ಮಾವ ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟು ಹಲಗೆ ತೆಗೆದುಕೊಂಡರು. ಇಷ್ಟು ಉದ್ದ ಅವರು ಬರೆದದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಅಕ್ಷರಗಳು ಹಲಗೆಯ ಅಂಚಿಗೆ ಹೋಗಿ ಚಿಕ್ಕದಾದವು. ನಾನು ಓದುತ್ತಾ ಹೋದೆ, ಆಕೆಗೆ ಕೇಳಿಸುವಂತೆ ಗಟ್ಟಿಯಾಗಿ:

"ದಾರಿ ಮುಚ್ಚುವ ಮೊದಲು ಇಬ್ಬರನ್ನು ಕಳಿಸಬಹುದಿತ್ತು. ಪಟ್ಟಿಯಲ್ಲಿ ಅವನು ಎರಡನೆಯವನು. ನಾನು ಮೂರನೆಯವನನ್ನು ಕಳಿಸಿದೆ. ಇವನು ನಮ್ಮೂರಿನ ಕಡೆಯವನು. ಊರಿನವನೆಂದು ಕಳಿಸಿದೆ ಅಂತ ಯಾರೂ ಹೇಳಬಾರದು ಎಂದು."

ಆಚೆ ಕಡೆ ಕೋಳಿ ಕೂಗಿತು.

"ಹಾಗಾದರೆ ಅವನು ಬೇರೆ ಊರಿನವನಾಗಿದ್ದರೆ ಕಳಿಸುತ್ತಿದ್ದರಾ?"

ಮಾವ ಹಲಗೆಯನ್ನು ಒರೆಸಿದರು. ಒಂದೇ ಪದ ಬರೆದು ನನ್ನ ಕಡೆ ತಿರುಗಿಸಿದರು. ನಾನು ಅದನ್ನು ನೋಡಿ ಅವರನ್ನು ನೋಡಿದೆ. ಬೇರೇನಾದರೂ ಹೇಳಬಹುದಿತ್ತು, ಹಲಗೆ ಆಕೆಗೆ ಕಾಣುತ್ತಿರಲಿಲ್ಲ. ಹಾಗೊಂದು ವಾಕ್ಯ ನನ್ನ ಬಾಯಿಗೆ ಬಂದೂ ಇತ್ತು. ಮಾವ ಹಲಗೆಯನ್ನು ಬೆರಳಿನಿಂದ ತಟ್ಟಿದರು.

"ಹೌದು" ಎಂದು ಓದಿದೆ.

"ಸರಿ" ಎಂದರು ಆಕೆ. ಇಟ್ಟುಬಿಡುತ್ತಾರೆ ಅಂದುಕೊಂಡೆ. ಇಡಲಿಲ್ಲ. "ಗಂಜಿ ನುಂಗಲಿಕ್ಕೆ ಆಗ್ತದಾ ಅವರಿಗೆ?"

"ಆಗುತ್ತದೆ."

"ತೆಳ್ಳಗೆ ಮಾಡು" ಎಂದು ಹೇಳಿ ಫೋನು ಇಟ್ಟರು.

ಮಾವ ಆ ಒಂದು ಪದವನ್ನು ಒರೆಸಲಿಲ್ಲ. ಪಕ್ಕಕ್ಕಿಟ್ಟಿದ್ದ ಅಂಗಿಯನ್ನು ಎತ್ತಿಕೊಂಡು ತೋಳುಗಳನ್ನು ಹಿಂದಕ್ಕೆ ತಿರುಗಿಸಿದರು. ಮತ್ತೆ ಬಿಡಿಸಿದರು. ಕೊನೆಗೆ ಹಾಗೆಯೇ, ಮಡಚದೆ, ನನ್ನ ಕೈಗೆ ಕೊಟ್ಟರು.